ಬೆನ್ನುಡಿ ಬರೆಯುವ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯ ಬೆನ್ನುಡಿಕಾರರೇ,

ಕನ್ನಡದಲ್ಲಿ ಪುಸ್ತಕ ಬರೆದವರಿಗೆ ಸನ್ಮಾನವಿದೆ, ಅಚ್ಚು ಹಾಕಿಸಿದವರಿಗೆ ಪ್ರಶಸ್ತಿಯಿದೆ. ಅನುವಾದಕರಿಗೂ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್‌ ಬಹುಮಾನದ ಅರ್ಧ ಪಾಲು ಬಂತು. ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಏಳೆಂಟು ಸಾಲು ಬರೆದು ಅದನ್ನು ಯುಗಪ್ರವರ್ತಕ ಕೃತಿಯನ್ನಾಗಿ ಮಾಡಿಬಿಡುವ ನಿಮಗೆ ಮಾತ್ರ ಯಾರೂ ಒಂದು ಶಾಲು ಹೊದಿಸಿಲ್ಲ, ಒಂದು ಹಣ್ಣಿನ ಬುಟ್ಟಿ ಕೊಟ್ಟಿಲ್ಲ. ಆ ಕೊರತೆ ನೀಗಲೆಂದು ಈ ಅಭಿನಂದನಾ ಪತ್ರ.

ನಾನೊಬ್ಬ ಸಾಮಾನ್ಯ ಓದುಗ. ಕಾದಂಬರಿ, ಕತೆ, ಕಾವ್ಯ, ಆತ್ಮಕಥೆ, ವಿಜ್ಞಾನ ಎಂಬ ಭೇದಭಾವ ನನಗಿಲ್ಲ. ಹೊಸ ಪುಸ್ತಕಗಳನ್ನು ತಿರುವಿ ತಿರುವಿ ನಿಮ್ಮ ಮಾತುಗಳು ಈಗ ಬಾಯಿಪಾಠವಾಗಿವೆ. ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ’, ‘ಮಣ್ಣಿನ ವಾಸನೆ ಇದೆ’, ‘ತಲ್ಲಣಗಳನ್ನು ಸಮರ್ಥವಾಗಿ ಕಟ್ಟಿಕೊಡುತ್ತದೆ’, ‘ವಿದ್ಯಾರ್ಥಿಗಳಿಗೆ ಉಪಯುಕ್ತ’, ‘ಪ್ರತಿ ಕನ್ನಡಿಗನ ಮನೆಯಲ್ಲೂ ಇರಬೇಕಾದ ಕೃತಿ’. ಇಷ್ಟು ಒಳ್ಳೆಯ ಮಾತುಗಳು ಈ ವರ್ಷದ ಪುಸ್ತಕಗಳಿಗೆ ಮಾತ್ರ ಮೀಸಲಾಗುವುದು ಅನ್ಯಾಯವೆನಿಸಿತು. ಈಚೆಗೆ ಓದಿದ, ಮತ್ತೆ ಓದಿದ ಒಂದಷ್ಟು ಪುಸ್ತಕಗಳಿಗೂ ಅವನ್ನು ಹೊಂದಿಸಿ ನೋಡಿದೆ. ಫಲಿತಾಂಶವನ್ನು ತಮ್ಮ ಅವಗಾಹನೆಗೆ ಸಲ್ಲಿಸುತ್ತಿದ್ದೇನೆ.

ಮೊದಲು, ಒಂದೇ ಗುಕ್ಕು. ಇದಕ್ಕೆ ಕುವೆಂಪು ಸಹಕರಿಸಲಿಲ್ಲ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಹಿಡಿದು ಕೂತರೆ ಕತೆ ಮುಂದಕ್ಕೆ ಹೋಗುವುದಕ್ಕಿಂತ ಅಕ್ಕಪಕ್ಕಕ್ಕೆ ಹೋಗುವುದೇ ಹೆಚ್ಚು. ನಾಯಿಗುತ್ತಿ ಒಂದು ಕೆಲಸಕ್ಕೆಂದು ಹೊರಡುತ್ತಾನೆ. ದಾರಿಯ ಕಾಡು, ಮಳೆ, ಎದುರಾದ ಮನೆಯವರ ಹಳೇ ವ್ಯಾಜ್ಯ, ಕೊನೆಗೆ ಅವನ ನಾಯಿ ಹುಲಿಯನ ಮನಸ್ಸು ಕೂಡ ಅವನಷ್ಟೇ ಜಾಗ ಕೇಳುತ್ತವೆ. ಗೌಡರ ಮನೆಯ ಮದುವೆಗೂ ಹೊಲಗೇರಿಯ ಓಟಕ್ಕೂ ಒಂದೇ ತೂಕ. ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟಕ್ಕೆ ಬಂದಾಗ ಪುಸ್ತಕ ಮಡಚಿಟ್ಟೆ. ಆ ದಿನ ಮುಂದೆ ಓದಲಾಗಲಿಲ್ಲ. 2010ರಲ್ಲಿ ಮೈಸೂರಿನ ರಂಗಾಯಣದವರು ಇದನ್ನು ರಂಗಕ್ಕೆ ತಂದಾಗ ಇಡೀ ರಾತ್ರಿ ಬೇಕಾಯಿತು, ಅದೂ ನಡುನಡುವೆ ಬಿಡುವು ಕೊಟ್ಟು. ಗುಕ್ಕಿನ ಪರೀಕ್ಷೆಯಲ್ಲಿ ಕುವೆಂಪು ಅನುತ್ತೀರ್ಣ.

ದಪ್ಪ ಪುಸ್ತಕದ ಪಾಡು ಇದು, ತೆಳ್ಳಗಿನದು ಪಾಸಾದೀತೆಂದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದೆ. ತಕ್ಷಣ ನಿಮ್ಮ ‘ತಲ್ಲಣ’ ನೆನಪಾಯಿತು. ಆದರೆ ಈ ಮನೆಯವರು ತಲ್ಲಣಿಸುವುದೇ ಇಲ್ಲ, ಅದೇ ತೊಂದರೆ. ಬಡತನದ ದಿನಗಳ ಸಣ್ಣ ಮನೆಯಲ್ಲಿ ಇರುವೆಗಳ ಕಾಟ. ಹೊಸಕಿ, ಸುಟ್ಟು, ಅಟ್ಟಾಡಿಸಿ ಕೊಲ್ಲುತ್ತಾ ಮನೆಮಂದಿಗೆ ಅದರಲ್ಲೊಂದು ಹುರುಪು ಹುಟ್ಟುತ್ತದೆ. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿ ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ, ಪ್ರಶ್ನೆ ಕೇಳುವ ಸೊಸೆಯೂ ಬರುತ್ತಾಳೆ. ಇರುವೆಯ ಪುಟಗಳು ಅಲ್ಲೇಕಿದ್ದವು ಎಂಬುದು ಆಗ ಹೊಳೆಯುತ್ತದೆ. ಓದಿ ಮುಗಿಸಲು ಹೆಚ್ಚು ಹೊತ್ತು ಬೇಡ. ಕೊನೆಯಲ್ಲಿ ನಿಜಕ್ಕೂ ಏನಾಯಿತೆಂದು ಹುಡುಕಲು ಹಿಂದಿನ ಪುಟಗಳಿಗೆ ಮರಳಿದವನು ಮಾತ್ರ ಇನ್ನೂ ಅಲ್ಲೇ ಇದ್ದೇನೆ. ಲೇಖಕರು ಹೇಳದೆ ಬಿಟ್ಟದ್ದನ್ನು ರಟ್ಟಿನ ಮೇಲೆ ನೀವಾದರೂ ಹೇಳಿಬಿಟ್ಟಿದ್ದರೆ ನನಗೆ ಎಷ್ಟು ಸಮಯ ಉಳಿಯುತ್ತಿತ್ತು!

ಇನ್ನು ಮಣ್ಣಿನ ವಾಸನೆ. ಹಳ್ಳಿಯೊಂದು ಬಂದರೆ ಸಾಕು, ನಿಮ್ಮ ಮೂಗು ಚುರುಕಾಗುತ್ತದೆ. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ಮಾಗಡಿ ಕಡೆಯ ಮಂಚನಬೆಲೆಯಿದೆ, ಹೊಲವಿದೆ, ಉಳುಮೆಯೂ ಇದೆ. ನೊಗ ಮಾತ್ರ ಎತ್ತಿನ ಮೇಲಿಲ್ಲ, ಇಬ್ಬರು ಮನುಷ್ಯರ ಹೆಗಲ ಮೇಲಿದೆ. ಅವರಲ್ಲೊಬ್ಬ, ನೋಡುತ್ತಾ ನಿಂತ ಹುಡುಗನ ಅಪ್ಪ. ಈ ಮಣ್ಣಿನ ವಾಸನೆಯನ್ನು ಆಘ್ರಾಣಿಸುವ ಧೈರ್ಯ ನನಗಾಗಲಿಲ್ಲ. ಸೋಜಿಗವೆಂದರೆ ಅದೇ ಹುಡುಗ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದು, ಸ್ಮಶಾನದಲ್ಲಿ ಕೂತು ಓದಿಕೊಂಡು, ದೆವ್ವ, ದೇವರು, ಪೊಲೀಸು, ಪುಢಾರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಗಿಸುತ್ತಾನೆ. ನಗು ಎಲ್ಲಿ ಮುಗಿಯಿತು, ಹೊಟ್ಟೆಯ ಸಂಕಟ ಎಲ್ಲಿ ಶುರುವಾಯಿತು ಎಂಬುದು ಓದುವವನಿಗೆ ತಿಳಿಯುವುದಿಲ್ಲ. ಇದನ್ನು ‘ನೋವಿನ ಕಥನ’ ಎಂಬ ಇನ್ನೊಂದು ಸಿದ್ಧ ಡಬ್ಬಿಗೆ ಹಾಕೋಣವೆಂದರೆ, ಅದರಲ್ಲೂ ಹಿಡಿಸುತ್ತಿಲ್ಲ.

‘ವಿದ್ಯಾರ್ಥಿಗಳಿಗೆ ಉಪಯುಕ್ತ’ ಎಂಬುದನ್ನು ಬಿ.ಜಿ.ಎಲ್. ಸ್ವಾಮಿಯವರಿಗೆ ಕಾದಿರಿಸಿದ್ದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟರು, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ‘ಹಸುರು ಹೊನ್ನು’, ಅದಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಇನ್ನೇನು ಬೇಕು? ಆದರೆ ಇದನ್ನು ನಂಬಿ ಪರೀಕ್ಷೆಗೆ ಕೂತವನು ನಗುನಗುತ್ತಾ ಫೇಲಾಗುತ್ತಾನೆ. ಗಿಡದ ಎಲೆ, ಹೂವು, ಕುಟುಂಬ ಎಂದು ಶಾಸ್ತ್ರೋಕ್ತವಾಗಿ ಶುರುಮಾಡಿದ ಮೇಷ್ಟರು ಯಾವ ಮಾಯದಲ್ಲೋ ಊಟ, ಹರಟೆ, ಪುರಾಣ, ಸಹೋದ್ಯೋಗಿಗಳ ಕಾಲೆಳೆತಕ್ಕೆ ಹೊರಳಿರುತ್ತಾರೆ. ಅವರದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಇನ್ನೂ ಅಪಾಯಕಾರಿ. ಅದನ್ನು ಓದಿದ ಮೇಲೆ ಅಪ್ಪಟ ದೇಸಿ ಊಟವೆಂದು ಎದೆ ತಟ್ಟಿಕೊಳ್ಳುವಂತಿಲ್ಲ: ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಕಡಲೆಕಾಯಿ, ಎಲ್ಲವೂ ಹಡಗು ಹತ್ತಿ ಬಂದ ನೆಂಟರು. ಸಂಸ್ಕೃತಿರಕ್ಷಕರ ಮನೆಯಲ್ಲಿ ಈ ಪುಸ್ತಕ ಸಿಕ್ಕರೆ ಚಿತ್ರಾನ್ನಕ್ಕೆ ಕುತ್ತು.

ಸ್ವಾಮಿಯವರ ತಂದೆ ಡಿ.ವಿ.ಜಿ.ಯವರ ವಿಷಯದಲ್ಲಿ ಮಾತ್ರ ನಿಮಗೆ ಪೂರ್ಣ ಜಯ. 1943ರ ‘ಮಂಕುತಿಮ್ಮನ ಕಗ್ಗ’ ನಿಜಕ್ಕೂ ಪ್ರತಿ ಮನೆಯಲ್ಲೂ ಇದೆ. ಷೋಕೇಸಿನಲ್ಲಿ, ಮದುವೆಯಲ್ಲಿ ಬಂದ ಗಡಿಯಾರದ ಪಕ್ಕದಲ್ಲಿ. ಇರುವ 945 ಪದ್ಯಗಳಲ್ಲಿ ಹತ್ತೋ ಹನ್ನೆರಡೋ ಬೆಳಗಾದರೆ ಗುಲಾಬಿ ಹೂವಿನ ಚಿತ್ರದ ಸಮೇತ ವಾಟ್ಸಾಪಿನಲ್ಲಿ ಬಂದಿಳಿಯುತ್ತವೆ. ದೇವರನ್ನೂ ಬದುಕಿನ ಅರ್ಥವನ್ನೂ ಹಿಡಿದು ತಕರಾರು ತೆಗೆಯುವ ತಿಮ್ಮನನ್ನು ಯಾರೂ ಫಾರ್ವರ್ಡ್‌ ಮಾಡುವುದಿಲ್ಲ. ಸಮಾಧಾನ ಹೇಳುವ ತಿಮ್ಮನಿಗಷ್ಟೇ ಗುಲಾಬಿ.

ಬಾನು ಮುಷ್ತಾಕರ ಕತೆಗಳಿಗೆ ‘ಹೆಣ್ಣಿನ ಅಂತರಂಗದ ಮಿಡಿತ’ ಎಂದು ಬರೆಯಲು ನಿಮ್ಮ ಕೈ ತುರಿಸುತ್ತಿರಬಹುದು. ‘ಎದೆಯ ಹಣತೆ’ ಓದಿದೆ. ಗಂಡ ಇನ್ನೊಬ್ಬಳ ಹಿಂದೆ ಹೋದನೆಂದು ಕೂಸನ್ನೆತ್ತಿಕೊಂಡು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣಂದಿರು ಮನೆತನದ ಮರ್ಯಾದೆಯ ಪಾಠ ಹೇಳಿ ಮತ್ತೆ ಗಂಡನ ಮನೆಗೇ ತಂದುಬಿಡುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡವಳನ್ನು ತಡೆಯುವುದು ಅವಳ ಮಗಳು. ಇಲ್ಲಿ ಮಿಡಿಯುವುದೇನಿದ್ದರೂ ಸಿಟ್ಟು. ಕೆಲವು ಕತೆಗಳಲ್ಲಿ ಕತೆಗಾರ್ತಿ ಮಾತಾಡುತ್ತಿರುವಾಗ ನಡುವೆ ಅವರೊಳಗಿನ ವಕೀಲರು ಎದ್ದುನಿಂತು ವಾದ ಮಂಡಿಸುತ್ತಾರೆ ಎಂಬ ಆಕ್ಷೇಪಣೆ ನನ್ನದು. ಆದರೂ ಮೊಕದ್ದಮೆ ಅವರೇ ಗೆಲ್ಲುತ್ತಾರೆ. 1990ರಿಂದ ಬರೆಯುತ್ತಾ ಬಂದ ಈ ಕತೆಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದು, ಲಂಡನ್ನಿನಲ್ಲಿ ಬೂಕರ್‌ನ ಐವರು ತೀರ್ಪುಗಾರರು ಭೇಷ್‌ ಎಂದ ಮೇಲೆ ನಮ್ಮೂರ ಅಂಗಡಿಗಳಲ್ಲಿ ಜನ ಕನ್ನಡದ ಪುಸ್ತಕವನ್ನು ಕೇಳತೊಡಗಿದರು. ಅಲ್ಲಿಯವರೆಗೆ ನಿಮ್ಮ ವಿಶೇಷಣಗಳೆಲ್ಲ ಬೇರೆ ಪುಸ್ತಕಗಳ ಸೇವೆಯಲ್ಲಿದ್ದವು ಅಂತ ಕಾಣುತ್ತದೆ.

ನಿರಾಶರಾಗಬೇಡಿ. ನಿಮ್ಮ ಅಷ್ಟೂ ಮಾತು ಅಚ್ಚುಕಟ್ಟಾಗಿ ಹೊಂದಿದ ಪುಸ್ತಕವೂ ಒಂದಿದೆ. ಯಶಸ್ಸಿನ ಸೂತ್ರಗಳನ್ನು ಕೊಡುವ ಪುಸ್ತಕ, ಹೆಸರು ಬೇಡ. ಒಂದೇ ಗುಕ್ಕಿಗೆ ಓದಿಸಿಕೊಂಡಿತು. ವಿದ್ಯಾರ್ಥಿಗಳಿಗೆ ಉಪಯುಕ್ತ, ನಿವೃತ್ತರಿಗೂ ಉಪಯುಕ್ತ. ಬೆಳಿಗ್ಗೆ ಬೇಗ ಏಳಬೇಕು, ಸೋಲಿಗೆ ಹೆದರಬಾರದು ಎಂಬ ಮಾತಿಗೆ ಯಾರ ತಕರಾರೂ ಇರಲಾರದು. ಎಲ್ಲೂ ತಡೆಯಲಿಲ್ಲ, ಎಲ್ಲೂ ಚುಚ್ಚಲಿಲ್ಲ. ಓದಿಸಿಕೊಂಡು ಹೋಗುತ್ತದೆ ಎಂದಿದ್ದಿರಿ. ಹಾಗೆಯೇ ಹೋಯಿತು, ನನ್ನಲ್ಲಿ ಏನನ್ನೂ ಬಿಡದೆ.

ಹಾಗಂತ ಪುಸ್ತಕದ ಬಗ್ಗೆ ಒಳ್ಳೆಯ ಮಾತು ಬರೆಯುವ ವಿದ್ಯೆಯೇ ನಮ್ಮಲ್ಲಿಲ್ಲ ಎನ್ನುವಂತಿಲ್ಲ. ವಿಮರ್ಶಕ ಡಿ.ಆರ್. ನಾಗರಾಜ್‌ ಇದೇ ‘ಊರುಕೇರಿ’ಯನ್ನು ಮುಂದಿಟ್ಟುಕೊಂಡು ಬಡವರ ನಗುವಿಗಿರುವ ಶಕ್ತಿಯ ಬಗ್ಗೆ ಬರೆದರು. ಅದನ್ನು ಓದಿ ಪುಸ್ತಕಕ್ಕೆ ಮರಳಿದರೆ ಮೊದಲು ಸುಮ್ಮನೆ ನಕ್ಕಿದ್ದ ಜಾಗದಲ್ಲಿ ಕೂತು ಯೋಚಿಸುವಂತಾಗುತ್ತದೆ. ಆ ಬರಹವನ್ನು ಕಿತ್ತು ಇನ್ನೊಂದು ಪುಸ್ತಕಕ್ಕೆ ಅಂಟಿಸಲು ಬರುವುದಿಲ್ಲ. ನಿಮ್ಮದರ ಅನುಕೂಲವೇ ಅದು: ಯಾವುದಕ್ಕೆ ಅಂಟಿಸಿದರೂ ಕೂರುತ್ತದೆ.

ಆದ್ದರಿಂದ ವಿನಂತಿಗಳು ಎರಡೇ. ಒಂದು, ಪುಸ್ತಕ ನಿಮ್ಮನ್ನು ಎಲ್ಲಿ ನಿಲ್ಲಿಸಿತು, ಎಲ್ಲಿ ಕೆರಳಿಸಿತು, ಎಲ್ಲಿ ಬೇಸರ ತರಿಸಿತು ಎಂದು ಒಂದು ಸಾಲು ಬರೆಯಿರಿ. ಎರಡು, ಇದು ಯಾರಿಗೆ ಹಿಡಿಸದು ಎಂಬುದನ್ನೂ ಹೇಳಿಬಿಡಿ. ದುಡ್ಡು ಕೊಡುವ ನನಗೆ ಆ ಎರಡು ಸಾಲು ಸಾಕು, ದಾರಿ ನಾನು ನೋಡಿಕೊಳ್ಳುತ್ತೇನೆ. ಲೇಖಕರು ಮುನಿಸಿಕೊಂಡಾರೆಂಬ ಭಯವಿದ್ದರೆ ನೆನಪಿರಲಿ: ತಮ್ಮ ಪುಸ್ತಕವನ್ನು ಒಬ್ಬರಾದರೂ ಪೂರ್ತಿ ಓದಿದ್ದಾರೆಂಬ ಸಾಕ್ಷಿ ಸಿಕ್ಕರೆ ಮುನಿಸೆಲ್ಲ ಮರೆಯುವ ಜಾತಿ ಅದು.

ನವೆಂಬರ್‌ ಬಂತೆಂದರೆ ರಾಜ್ಯೋತ್ಸವದ ನೆಪದಲ್ಲಿ ಪುಸ್ತಕಗಳಿಗೆ ರಿಯಾಯಿತಿ ಘೋಷಣೆಯಾಗುತ್ತದೆ. ಈ ಸಲ ಬೆಲೆಯಲ್ಲಿ ಒಂದು ರೂಪಾಯಿ ಇಳಿಸದಿದ್ದರೂ ಚಿಂತೆಯಿಲ್ಲ. ವಿಶೇಷಣಗಳಲ್ಲಿ ಶೇಕಡಾ 50ರಷ್ಟು ರಿಯಾಯಿತಿ ದಯಪಾಲಿಸಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ರಟ್ಟು ದಾಟಿ ಒಳಹೋದ ಒಬ್ಬ ಓದುಗ