ಸಿಡಿಲಿಗೆ ಏಳುವ ಅಣಬೆ

ಶಿಟಾಕೆ ಅಣಬೆ ಮಹಾ ಸೋಮಾರಿ. ಜಪಾನಿನಲ್ಲಿ ಓಕ್ ಮರದ ದಿಮ್ಮಿಗೆ ತೂತು ಕೊರೆದು ಅಣಬೆ ಬೀಜ ತುಂಬಿದರೆ ವರ್ಷಗಟ್ಟಲೆ ಒಳಗೇ ಬಿದ್ದುಕೊಂಡಿರುತ್ತದೆ. ಆಮೇಲೂ ತಣ್ಣೀರಲ್ಲಿ ಮುಳುಗಿಸಬೇಕು, ಸುತ್ತಿಗೆಯಿಂದ ತಟ್ಟುವವರೂ ಉಂಟು. ಗುಡುಗಿದರೆ ಅಣಬೆ ಏಳುತ್ತದೆಂದು ನಮ್ಮ ಮಲೆನಾಡಿನ ಅಜ್ಜಿಯರು ಹೇಳುವುದಿಲ್ಲವೇ? ಜಪಾನಿನವರದೂ ಅದೇ ನಂಬಿಕೆ. ಇವಾಟೆ ವಿಶ್ವವಿದ್ಯಾಲಯದವರು ದಿಮ್ಮಿಗೆ ನಿಜವಾಗಿಯೇ ಹೈವೋಲ್ಟೇಜ್ ಶಾಕ್ ಕೊಟ್ಟು ನೋಡಿದರು. ಇಳುವರಿ ಹೆಚ್ಚಿತು!

ನಮ್ಮ ಮನೆಗಳಲ್ಲಿ ಶಾಕ್ ಕೊಡಲು ಕರೆಂಟ್ ಬಿಲ್ ಇದ್ದೇ ಇದೆ. ಅಣಬೆಗೆ ಬೀಜ ಬೆರೆಸಿದ ಮರದ ಪುಡಿಯ ಚೀಲ ಸಾಕು. ಬಿಳಿ ಬೂಜು ಹಬ್ಬಿ, ಗಂಟುಗಂಟಾಗಿ, ಮೇಲೆ ಕಂದು ಸಿಪ್ಪೆ ಕಟ್ಟುವಾಗ ‘ಕೆಟ್ಟುಹೋಯ್ತು, ಎಸೆಯಿರಿ’ ಎನ್ನುವವರು ಮನೆಯಲ್ಲೊಬ್ಬರು ಇದ್ದೇ ಇರುತ್ತಾರೆ. ಅವರಿಂದ ಚೀಲ ಕಾಯುವುದೇ ನಿಜವಾದ ಕೃಷಿ. ಆಮೇಲೆ ತಣ್ಣೀರ ಸ್ನಾನ, ತಂಪು ಮೂಲೆ, ದಿನಾ ನೀರಿನ ಸಿಂಪಡಣೆ. ಬೆಂಗಳೂರಿನ ಚಳಿಗಾಲ ಒಗ್ಗೀತು. ಕಲಬುರಗಿಯ ಏಪ್ರಿಲ್ ಬೇಡವೇ ಬೇಡ.

ಅರೆಬೆಂದದ್ದನ್ನು ಮಾತ್ರ ತಿನ್ನಬೇಡಿ. ಕೆಲವರ ಮೈಮೇಲೆ ಚಾಟಿಯೇಟಿನಂಥ ಕೆಂಪು ಬರೆಗಳೇಳುತ್ತವೆ. ನಿದ್ದೆ ಕೆಡಿಸಿದ್ದಕ್ಕೆ ಸೇಡಿರಬೇಕು! ತೊಟ್ಟು ಹಲ್ಲಿಗೆ ಬಗ್ಗುವುದಿಲ್ಲ, ಸಾರಿಗೆ ಕುದಿಸಿ ತೆಗೆದುಬಿಡಿ. ಟೋಪಿಯನ್ನು ಈರುಳ್ಳಿ, ಕರಿಮೆಣಸಿನ ಜೊತೆ ತುಪ್ಪದಲ್ಲಿ ಚೆನ್ನಾಗಿ ಹುರಿಯಿರಿ. ಒಣಗಿಸಿಟ್ಟರೆ ರುಚಿ ಇನ್ನೂ ಗಾಢ. ನೆನೆಸಿದ ಕಂದು ನೀರನ್ನು ಸೋಸಿ, ಮೆಣಸಿನ ಸಾರಿಗೆ ಹಾಕಿ ಚೆನ್ನಾಗಿ ಕುದಿಸಿ. ಅಣಬೆಯೆಂದರೆ ಮೂಗು ಮುರಿಯುವ ಮಾವನವರು ಎರಡನೇ ಸಲ ಬಡಿಸಿಕೊಳ್ಳುವವರೆಗೆ ಬಾಯಿ ಬಿಡಬೇಡಿ.