‘ನಮ್ಮನೇಲೂ ಇತ್ತು’ ಮಹಾಶಯರು

ದಸರಾ ರಜೆಯಲ್ಲಿ ಕುಪ್ಪಳಿಯ ಕುವೆಂಪು ಕವಿಮನೆಗೆ ಹೋದರೆ ಇವರು ಸಿಕ್ಕೇ ಸಿಗುತ್ತಾರೆ. ನಿವೃತ್ತ ಅಧಿಕಾರಿ. ಹುಟ್ಟಿದ್ದು ಮಲೆನಾಡಿನಲ್ಲಿ, ಮನೆ ಕಟ್ಟಿಸಿದ್ದು ಬೆಂಗಳೂರಿನಲ್ಲಿ. ಹಿಂದೆ ಹೆಂಡತಿ, ಮಗಳು, ಅಳಿಯ, ಮೊಬೈಲಿನಿಂದ ತಲೆಯೆತ್ತದ ಮೊಮ್ಮಗ. ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ್ದೇ ತಡ, ಮೂರಂತಸ್ತಿನ ಆ ತೊಟ್ಟಿಮನೆಯ ಅಂಗಳ ಕಂಡು ಉದ್ಗಾರ ಹೊರಡುತ್ತದೆ: “ನಮ್ಮನೇಲೂ ಇತ್ತು!”

ಫಲಕ ಓದುವುದು ಇವರ ಜಾಯಮಾನವಲ್ಲ. ಕಂಡ ಮೊದಲ ಕೋಣೆಯನ್ನೇ ತೋರಿಸಿ “ಕುವೆಂಪು ಹುಟ್ಟಿದ್ದು ಇಲ್ಲೇ ಕಣೋ” ಎಂದು ಮೊಮ್ಮಗನಿಗೆ ಅಪ್ಪಣೆ ಕೊಡಿಸುತ್ತಾರೆ. ಕವಿ ಹುಟ್ಟಿದ್ದು 1904ರಲ್ಲಿ, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಇಲ್ಲಿ. ಇರಲಿ, ಇವರ ಉತ್ಸಾಹದೆದುರು ಒಂದು ತಾಲ್ಲೂಕು ಆಚೀಚೆಯಾದರೆ ಏನು ಮಹಾ.

ಅಡುಗೆಮನೆಯ ಸಾಮಾನುಗಳ ಮುಂದೆ ಮಾತ್ರ ಇವರನ್ನು ಮೀರಿಸುವ ಗೈಡಿಲ್ಲ. ಕಡೆಗೋಲಿಗೆ ಹಗ್ಗ ಎಷ್ಟು ಸುತ್ತಬೇಕು, ಬೆಣ್ಣೆ ತೇಲುವ ಹೊತ್ತಿಗೆ ಸದ್ದು ಹೇಗೆ ಬದಲಾಗುತ್ತದೆ, ಅಪ್ಪೆಮಿಡಿಯ ಜಾಡಿಗೆ ಒದ್ದೆ ಕೈ ಹಾಕಿದವರಿಗೆ ಅಜ್ಜಿ ಏನೆಂದು ಬೈಯುತ್ತಿದ್ದಳು, ಎಲ್ಲ ಬಾಯಿಪಾಠ. ಮೊಮ್ಮಗ ಮೊಬೈಲು ಜೇಬಿಗಿಳಿಸುತ್ತಾನೆ. ಅಳಿಯ ಫೋಟೋ ತೆಗೆಯಲು ಹೋಗಿ “ಒಳಗೆ ತೆಗೀಬಾರ್ದು ಸಾರ್” ಎನ್ನಿಸಿಕೊಳ್ಳುತ್ತಾನೆ.

“ತಾಮ್ರದ ಹಂಡೆ ನಮ್ಮನೇಲಿ ಇದಕ್ಕಿಂತ ದೊಡ್ಡದಿತ್ತು.”

“ಇತ್ತು ರೀ,” ಎನ್ನುತ್ತಾರೆ ಹೆಂಡತಿ. “ಅದನ್ನ ಕೊಟ್ಟು ಪ್ಲಾಸ್ಟಿಕ್ ಡ್ರಮ್ ತಂದಿದ್ದು ಯಾರು?”

ಮಹಾಶಯರು ಕೇಳಿಸದವರಂತೆ ಮುಂದೆ ಸರಿಯುತ್ತಾರೆ. ಕುವೆಂಪು ಮದುವೆಯ ಮಂಟಪದ ಮುಂದೆ ಅದೇ ಮಾತು. ಮುಂದೆ ಪ್ರಶಸ್ತಿಗಳು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ 1967ರ ಜ್ಞಾನಪೀಠ ಪಡೆದ ಕೃತಿ, ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು. ಪ್ರಶಸ್ತಿಗಳ ಮುಂದೆ ಇವರು ನಿಂತಾಗ ಇಡೀ ಕುಟುಂಬ ಉಸಿರು ಬಿಗಿಹಿಡಿಯುತ್ತದೆ. ಅವರು ಕನ್ನಡಕ ಸರಿಮಾಡಿಕೊಂಡು ದಿಟ್ಟಿಸಿ, “ಇಂಥದೇ ಗಾಜಿನ ಬೀರು ನಮ್ಮನೇಲೂ ಇತ್ತು” ಎನ್ನುತ್ತಾರೆ.

ಮನೆಯ ಸಮೀಪದ ಕವಿಶೈಲದ ಗುಡ್ಡ ಹತ್ತಲು ಮಂಡಿನೋವು ಬಿಡುವುದಿಲ್ಲ. ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೊರೆದ ಅಕ್ಷರಗಳು ಹೀಗಾಗಿ ಇವರ ಹಕ್ಕುಸಾಧನೆಯಿಂದ ಪಾರಾಗಿವೆ.

ಜಗಲಿಯಲ್ಲಿ ಮೊಮ್ಮಗ ಕೇಳುತ್ತಾನೆ: “ಅಜ್ಜ, ನಿಮ್ಮ ಆ ಮನೆ ಈಗೆಲ್ಲಿದೆ?”

ತಕ್ಷಣ ಅಜ್ಜನಿಗೆ ಊಟದ ಹೊತ್ತು ಮೀರಿದ್ದು ನೆನಪಾಗುತ್ತದೆ. ಮನೆಯನ್ನು ಕೆಡವಿ ಮರಮುಟ್ಟು ಮಾರಿ ಆಗಿದೆ. ಕೆತ್ತನೆಯ ಕಂಬಗಳನ್ನು ಒಂದು ರೆಸಾರ್ಟಿನವರು ಕೊಂಡರು. ಅವನ್ನು ನೋಡಬೇಕಾದರೆ ಈಗ ರೂಮು ಬುಕ್ ಮಾಡಬೇಕು.

ಕವಿಮನೆಯಲ್ಲಿ ಇವರು ಎದುರಾದರೆ ತಪ್ಪಿಸಿಕೊಳ್ಳಬೇಡಿ, ಹಿಂದೆಯೇ ನಡೆಯಿರಿ. ಇಸವಿಗಳನ್ನು ಫಲಕದಲ್ಲಿ ಓದಿಕೊಳ್ಳಿ. ಕಡೆಗೋಲಿನ ವಿಷಯ ಇವರನ್ನೇ ಕೇಳಿ.