ಕಿವಿಯೊಳಗಿನ ಕಲ್ಲು

ನಮ್ಮ ಕಡೆ ತಲೆಸುತ್ತು ಬಂದವನಿಗೆ ವೈದ್ಯರ ಕೊರತೆಯಿಲ್ಲ. ಗೇಟಿನ ಹತ್ತಿರ ನಿಂತು 'ಯಾಕೋ ತಲೆ ಸುತ್ತುತ್ತಿದೆ' ಅಂತ ಒಂದು ಮಾತು ಅಂದು ನೋಡಿ. ಹಾಲಿನವನಿಂದ ಹಿಡಿದು ಮಹಡಿ ಮನೆಯ ಬಾಡಿಗೆದಾರರವರೆಗೆ ಎಲ್ಲರೂ ಕಾಯಿಲೆ ಪತ್ತೆ ಹಚ್ಚಿ, ಔಷಧ ಹೇಳಿ, ಪಥ್ಯವನ್ನೂ ಗೊತ್ತುಮಾಡಿಯೇ ಮುಂದೆ ಹೋಗುತ್ತಾರೆ. ಹಳಬರ ಪ್ರಕಾರ ಅದು ಪಿತ್ತ. ನಡುವಯಸ್ಸಿನವರ ಪ್ರಕಾರ ಬೀಪಿ. ಕಂಪ್ಯೂಟರ್ ಮುಂದೆ ಕೂತು ದುಡಿಯುವವರನ್ನು ಕೇಳಿದರೆ ಕತ್ತಿನ ಮೂಳೆಯ ಸವೆತ. ಕಟ್ಟಿಕೊಂಡವಳನ್ನು ಕೇಳಿದರೆ ಮಾತ್ರ, ರಾತ್ರಿ ಹನ್ನೊಂದರ ತನಕ ಮೊಬೈಲ್ ತಿಕ್ಕಿದ್ದರ ಫಲ. ತಲೆಯ ಎರಡೂ ಪಕ್ಕದಲ್ಲಿ ಅಂಟಿಕೊಂಡೇ ಇರುವ ಕಿವಿಯ ಮೇಲೆ ಯಾರಿಗೂ ಗುಮಾನಿ ಹುಟ್ಟುವುದಿಲ್ಲ. ಕಿವಿ ಇರುವುದು ಕೇಳಿಸಿಕೊಳ್ಳುವುದಕ್ಕೆ, ಕನ್ನಡಕ ಸಿಕ್ಕಿಸುವುದಕ್ಕೆ, ಮೇಷ್ಟ್ರು ಹಿಂಡುವುದಕ್ಕೆ. ಅದಕ್ಕೆ ಬೇರೆ ಉದ್ಯೋಗ ಇದ್ದೀತೆಂದು ಯಾರು ಕಂಡರು?

ನನ್ನ ಪಾಲಿಗೆ ಆ ಉದ್ಯೋಗ ಗೊತ್ತಾದದ್ದು ಹಾಸಿಗೆಯಲ್ಲಿ. ಬೆಳಗಿನ ಜಾವ ಬಲಮಗ್ಗುಲಿಗೆ ಹೊರಳಿದೆ. ನನ್ನ ಜೊತೆ ಕೋಣೆಯೂ ಹೊರಳಿತು. ನಾನು ನಿಲ್ಲಿಸಿದೆ, ಅದು ನಿಲ್ಲಿಸಲಿಲ್ಲ. ಆಫ್ ಮಾಡಿದ್ದ ಫ್ಯಾನು, ಅದರ ಹಿಂದೆ ಸೂರು, ಕ್ಯಾಲೆಂಡರು, ಗೋಡೆಯ ಮೇಲಿನ ನಮ್ಮ ಮದುವೆ ಫೋಟೊ ಎಲ್ಲವೂ ಒಂದೇ ದಿಕ್ಕಿಗೆ ಓಡುತ್ತಿದ್ದವು. ಓಡಿ ಓಡಿ ಮತ್ತೆ ಮೊದಲಿನ ಜಾಗದಿಂದಲೇ ಹೊರಡುತ್ತಿದ್ದವು. ಮದುವೆಯಾದ ಹೊಸದರಲ್ಲೂ ಲೋಕ ನನ್ನ ಸುತ್ತ ಇಷ್ಟು ಜೋರಾಗಿ ತಿರುಗಿರಲಿಲ್ಲ. ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೊಳಗಿನ ಕತ್ತಲೆಯೂ ತಿರುಗುತ್ತಿತ್ತು. ಎರಡೂ ಕೈಯಲ್ಲಿ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದು, ನೆಲಕ್ಕಿಂತ ಬರೇ ಒಂದೂವರೆ ಅಡಿ ಎತ್ತರದಲ್ಲಿದ್ದವನು ಪಾತಾಳಕ್ಕೆ ಬೀಳದಂತೆ ನನ್ನನ್ನು ನಾನೇ ಕಾಪಾಡಿಕೊಂಡೆ.

ಕಾಫಿ ಆಯಿತೆಂದು ಹೇಳಲು ಬಂದವಳು ಬಾಗಿಲಲ್ಲೇ ನಿಂತಳು.

"ಏನ್ರೀ ಅದು, ಮಂಚ ಹಿಡ್ಕೊಂಡಿದೀರಿ?"

"ಮನೆ ತಿರುಗ್ತಿದೆ ಕಣೇ."

"ತಿರುಗೋದೇ ಆದ್ರೆ ಅಡುಗೆಮನೆ ಈ ಕಡೆ ಬರೋ ತನಕ ತಿರುಗಲಿ. ನಂಗೆ ಕಾಫಿ ತಂದುಕೊಡೋದು ತಪ್ಪತ್ತೆ."

ಅಷ್ಟರಲ್ಲಿ ಎಲ್ಲ ನಿಂತೇ ಹೋಯಿತು. ಇಡೀ ಪ್ರಳಯ ಒಂದು ನಿಮಿಷವೂ ಇರಲಿಲ್ಲ. ಇದೇ ಈ ಕಾಯಿಲೆಯ ಕುತಂತ್ರ. ಸಾಕ್ಷಿ ಬರುವ ಹೊತ್ತಿಗೆ ಅಪರಾಧ ಮುಗಿದಿರುತ್ತದೆ. ಉಳಿಯುವುದು ಬೆವರು ಮತ್ತು ಹೊಟ್ಟೆ ತೊಳಸು. ಎದ್ದು ಕೂತರೆ ಒಮ್ಮೆ, ಬಗ್ಗಿ ಚಪ್ಪಲಿ ಹುಡುಕಿದರೆ ಒಮ್ಮೆ, ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದರೆ ಇನ್ನೊಮ್ಮೆ. ತಲೆ ಅಲ್ಲಾಡಿಸದೆ ನೇರ ಕೂತರೆ ಏನೂ ಇಲ್ಲ. ಮನೆಗೆ ಬಂದವರ ಮುಂದೆ ಹಾಗೆಯೇ ಕೂತಿರುತ್ತಿದ್ದೆ. 'ಎಷ್ಟು ಗಂಭೀರವಾಗಿದ್ದಾರಪ್ಪ ಇತ್ತೀಚೆಗೆ' ಅಂದುಕೊಂಡು ಹೋದವರೇ ಹೆಚ್ಚು.

ನಮ್ಮ ಅತ್ತೆಯವರು ನೆತ್ತಿಗೇರಿದ ಪಿತ್ತ ಇಳಿಸಲು ಜೀರಿಗೆ ಕಷಾಯ ಕುದಿಸಿದರು, ನಿಂಬೆಹಣ್ಣಿನ ಪಾನಕ ಮಾಡಿದರು. ಎರಡೂ ರುಚಿಯಾಗಿದ್ದವು. ಪಕ್ಕದ ಮನೆ ರಾಯರು ಮಗ ಅಮೆರಿಕದಿಂದ ತಂದುಕೊಟ್ಟ ಬೀಪಿ ಮೆಶೀನನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಅದು ನೂರಿಪ್ಪತ್ತೆಂಟು–ಎಂಬತ್ತು ತೋರಿಸಿತು. ಅವರ ಮುಖ ಬಾಡಿತು. ಇನ್ನೊಂದು ಕೈಗೆ ಸುತ್ತಿ ನೋಡಿದರು, ಅದೂ ಹಾಗೆಯೇ. ಕೊನೆಗೆ ತಮ್ಮ ಕೈಗೇ ಕಟ್ಟಿಕೊಂಡು ನೂರರವತ್ತು ಬಂದ ಮೇಲೆ, ಮೆಶೀನು ಸರಿಯಿದೆ ಎಂದು ಸಮಾಧಾನವಾಗಿ, ಉಪ್ಪಿನಕಾಯಿ ಬಿಡುವಂತೆ ನನಗೆ ಹೇಳಿ ಹೋದರು. ಔಷಧಿ ಅಂಗಡಿಯವನು ಕೊಟ್ಟ ಮಾತ್ರೆಯಿಂದ ತಲೆಸುತ್ತಿಗಿಂತ ಹೆಚ್ಚಾಗಿ ನಿದ್ದೆ ಬಂತು. ಅಂಥ ಮಾತ್ರೆಗಳು ವಾಕರಿಕೆಯನ್ನು ತಡೆಯುತ್ತವೆ, ಸುತ್ತನ್ನು ಮಂಕಾಗಿಸುತ್ತವೆ; ಒಳಗೆ ಜಾಗ ತಪ್ಪಿರುವ ವಸ್ತುವನ್ನು ಎತ್ತಿಡುವ ಕೈ ಅವಕ್ಕಿಲ್ಲ.

ಆ ವಸ್ತು ಕಲ್ಲು. ಕಿವಿ-ಮೂಗು-ಗಂಟಲಿನ ಡಾಕ್ಟರು ಹಾಗೆಂದಾಗ ಪಿತ್ತಕೋಶಕ್ಕೆ, ಮೂತ್ರಪಿಂಡಕ್ಕೆ ಮಾತ್ರ ಕಲ್ಲು ಕಟ್ಟುವ ಹಕ್ಕಿದೆ ಎಂದು ತಿಳಿದಿದ್ದ ನನ್ನಾಕೆ ಬೆರಗಾದಳು. ವಿಷಯ ಇಷ್ಟು. ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಒಳಗೆ ದ್ರವ. ಗಾರೆಯವನು ಗೋಡೆಯ ಮೇಲಿಟ್ಟು ನೋಡುವ ರಸಮಟ್ಟ ಇದ್ದಂತೆ ಅವು. ಮೂರೂ ಮೂರು ದಿಕ್ಕಿಗೆ ಕೂತು, ತಲೆ ಯಾವ ಕಡೆ ತಿರುಗಿತೆಂದು ಮಿದುಳಿಗೆ ವರದಿ ಒಪ್ಪಿಸುತ್ತವೆ. ಪಕ್ಕದಲ್ಲೇ ಒಂದು ಪುಟ್ಟ ಚೀಲ. ಅದರ ಅಂಟಿನ ಮೇಲೆ ಸುಣ್ಣದ ಕಲ್ಲಿನ ಜಾತಿಯದೇ ಆದ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಕೂತಿರುತ್ತವೆ. ಒಂದೊಂದೂ ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು. ಬಸ್ಸು ಗಕ್ಕನೆ ಹೊರಟಾಗ ನಮಗೆ ಗೊತ್ತಾಗುವುದು ಈ ಹರಳುಗಳ ಭಾರದಿಂದ. ವಯಸ್ಸಾದಂತೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಹರಳು ಕಿತ್ತು ಪಕ್ಕದ ನಾಳಕ್ಕೆ ಇಳಿಯುತ್ತವೆ. ಸಾಮಾನ್ಯವಾಗಿ ಹಿಂದಿನ ನಾಳಕ್ಕೆ. ಮಲಗಿದಾಗ ತಗ್ಗಿನಲ್ಲಿರುವುದು ಅದೇ. ಆಮೇಲೆ ಮಗ್ಗುಲು ಬದಲಿಸಿದರೆ ಸಾಕು, ಹರಳು ಜಾರುತ್ತದೆ, ದ್ರವವನ್ನು ಎಳೆಯುತ್ತದೆ, ತಲೆ ನಿಂತಮೇಲೂ ಆ ಕಿವಿ 'ತಿರುಗುತ್ತಿದ್ದೇವೆ, ತಿರುಗುತ್ತಿದ್ದೇವೆ' ಎಂದು ಕೂಗುತ್ತದೆ. ಇನ್ನೊಂದು ಕಿವಿ, ಬೆನ್ನು, ಹಾಸಿಗೆ ಎಲ್ಲವೂ ಇಲ್ಲ ಅನ್ನುತ್ತವೆ. ಮಿದುಳು ಜೋರಾಗಿ ಕೂಗಿದವನ ಮಾತನ್ನೇ ನಂಬುತ್ತದೆ. ನಮ್ಮ ಸಭೆಗಳಲ್ಲೂ ಅದೇ ನಡೆಯುವುದರಿಂದ ನನಗೆ ಅರ್ಥಮಾಡಿಕೊಳ್ಳಲು ಕಷ್ಟವಾಗಲಿಲ್ಲ.

ಪರೀಕ್ಷೆ ವಿಚಿತ್ರ. ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ, ಹಿಂದಕ್ಕೆ ದಢಕ್ಕನೆ ಮಲಗಿಸಿದರು. ತಲೆ ಮಂಚದಾಚೆ ಜೋತುಬಿತ್ತು. "ಕಣ್ಣು ಮುಚ್ಚಬೇಡಿ, ನನ್ನ ಮೂಗು ನೋಡಿ" ಎಂದರು. ಕೆಲವು ಸೆಕೆಂಡು ಏನೂ ಇಲ್ಲ. ಆಮೇಲೆ ಡಾಕ್ಟರ ಮೂಗೇ ಹೊರಟಿತು. ನನ್ನ ಕಣ್ಣುಗುಡ್ಡೆಗಳು ತಾವಾಗಿ ತಿರುಚಿ ತಿರುಚಿ ಮಿಡುಕುತ್ತಿದ್ದವಂತೆ. ಅವರಿಗೆ ಬೇಕಿದ್ದ ಸಾಕ್ಷಿ ಅದೇ. ಸ್ಕ್ಯಾನೂ ಬೇಕಾಗಲಿಲ್ಲ. ಹೀಗೆ ಮಲಗಿಸಿ ಕಣ್ಣು ನೋಡುವ ಕ್ರಮವನ್ನು ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ 1952ರಲ್ಲಿ ಬರೆದಿಟ್ಟರು.

ಚಿಕಿತ್ಸೆ ಅದರ ಮುಂದುವರಿಕೆ. ಜೋತುಬಿದ್ದ ತಲೆಯನ್ನು ಅರ್ಧ ನಿಮಿಷ ಹಾಗೇ ಹಿಡಿದು, ನಿಧಾನವಾಗಿ ಎಡಕ್ಕೆ ತಿರುಗಿಸಿ, ಆಮೇಲೆ ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ ಮೂಗು ನೆಲ ನೋಡುವಂತೆ ಮಾಡಿ, ಕೊನೆಗೆ ಕೂರಿಸಿದರು. ನಾಳದ ತಿರುವು ಹಿಡಿದು ಹರಳು ಉರುಳುತ್ತ ಹೊರಟ ಚೀಲಕ್ಕೇ ಸೇರಬೇಕು, ಅಷ್ಟೇ ಉಪಾಯ. ಕತ್ತಿ ಇಲ್ಲ, ಸೂಜಿ ಇಲ್ಲ. ಇದನ್ನು ಕಂಡುಹಿಡಿದ ಅಮೆರಿಕದ ಜಾನ್ ಎಪ್ಲಿ 1980ರ ಸುಮಾರಿಗೆ ಹೇಳಿದಾಗ ಡಾಕ್ಟರುಗಳೇ ನಕ್ಕರು. ತಲೆ ಹೊರಳಿಸಿ ತಲೆಸುತ್ತು ವಾಸಿಮಾಡುತ್ತೇನೆಂದರೆ ಯಾರು ನಂಬಿಯಾರು? ಅವರ ಲೇಖನ ಅಚ್ಚಾದದ್ದು 1992ರಲ್ಲಿ. ಈಗ ಜಗತ್ತಿನಾದ್ಯಂತ ಮೊದಲು ಮಾಡುವ ಚಿಕಿತ್ಸೆಯೇ ಅದು.

ಎದ್ದು ಕೂತವನಿಗೆ ಡಾಕ್ಟರು ಕಾಯಿಲೆಯ ಪೂರ್ತಿ ಹೆಸರು ಹೇಳಿದರು: ಬಿನೈನ್ ಪ್ಯಾರಾಕ್ಸಿಸ್ಮಲ್ ಪೊಸಿಶನಲ್ ವರ್ಟಿಗೊ, ಚಿಕ್ಕದಾಗಿ ಬಿಪಿಪಿವಿ. ಮನೆಗೆ ಬಂದು ಹೇಳಿದೆ. ಮೊದಲೆರಡು ಅಕ್ಷರ ಕೇಳುತ್ತಲೇ ರಾಯರು ಕಾಂಪೌಂಡಿನಾಚೆಯಿಂದ, "ನಾನು ಅವತ್ತೇ ಹೇಳ್ಲಿಲ್ವೇ ಸ್ವಾಮಿ?" ಎಂದರು. ಅವರ ಮೆಶೀನಿನ ಮರ್ಯಾದೆ ಉಳಿಯಿತು. ನನ್ನಾಕೆಗೆ ಮಾತ್ರ ಬೇರೆಯೇ ಒಂದು ಹಳೆಯ ಒಗಟು ಬಿಡಿಸಿದಂತಾಗಿತ್ತು. "ಇಷ್ಟು ವರ್ಷ ನನ್ನ ಮಾತು ಯಾಕೆ ಕಿವಿಗೆ ಹೋಗ್ತಿರ್ಲಿಲ್ಲ ಅಂತ ಈಗ ಗೊತ್ತಾಯ್ತು ಬಿಡಿ. ಒಳಗೆ ಕಲ್ಲು!" ಈ ಹರಳಿಗೂ ಕೇಳಿಸುವುದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದ್ದರು. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಮಗನಂತೂ ಹಿಚ್‌ಕಾಕನ 1958ರ 'ವರ್ಟಿಗೊ' ಚಿತ್ರ ನೋಡಿದ ಜ್ಞಾನದಲ್ಲಿ ನನ್ನನ್ನು ತಾರಸಿ ಹತ್ತಬೇಡಿ ಅಂದ. ಆ ನಾಯಕನಿಗಿದ್ದದ್ದು ಎತ್ತರದ ಭಯ. ನನ್ನದಕ್ಕೆ ಎತ್ತರವೇ ಬೇಡ, ದಿಂಬು ಸಾಕು.

ಕಿವಿಯನ್ನು ಕಡೆಗಣಿಸಿದ್ದು ನಮ್ಮ ಬೀದಿಯವರೊಬ್ಬರೇ ಅಲ್ಲ. ಹಿಂದೆ ವೈದ್ಯರೂ ಇಂಥದ್ದನ್ನೆಲ್ಲ ಮಿದುಳಿಗೆ ರಕ್ತ ನುಗ್ಗಿದ ತೊಂದರೆ ಎಂದೇ ಎಣಿಸುತ್ತಿದ್ದರು. ಕಿವಿಯಿಂದಲೂ ತಲೆ ತಿರುಗೀತು ಎಂದು ಪ್ಯಾರಿಸಿನ ಪ್ರಾಸ್ಪರ್ ಮೆನಿಯೆರ್ 1861ರಲ್ಲಿ ಹೇಳಿದ. ಆಮೇಲೆ ವಿಯೆನ್ನಾದ ರಾಬರ್ಟ್ ಬರಾನಿ. ಈತ ರೋಗಿಗಳ ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ಅವರಿಗೆ ತಲೆ ತಿರುಗಿ ಕಣ್ಣು ಒಂದು ಕಡೆ ಮಿಡುಕುತ್ತಿತ್ತು. ಗೊಣಗಿದರೆಂದು ನೀರು ಬಿಸಿ ಮಾಡಿದ; ಆಗಲೂ ತಿರುಗಿತು, ಕಣ್ಣು ಮಾತ್ರ ಎದುರು ದಿಕ್ಕಿಗೆ. ರೋಗಿಯ ಗೊಣಗಾಟವನ್ನು ಕಿವಿಗೆ ಹಾಕಿಕೊಂಡದ್ದಕ್ಕೆ ಅವನಿಗೆ 1914ರ ನೊಬೆಲ್ ಸಿಕ್ಕಿತು. ಸುದ್ದಿ ಬಂದಾಗ ಆತ ರಷ್ಯನ್ನರ ಸೆರೆಯಲ್ಲಿ ಯುದ್ಧಕೈದಿ.

ಈ ಕಲ್ಲು ಒಮ್ಮೆ ಜಾಗ ಸೇರಿದರೂ ಮತ್ತೆ ಜಾರುವುದುಂಟು. ನನಗೂ ಜಾರಿತು, ಮತ್ತೆ ಹೋದೆ, ಮತ್ತೆ ಹೊರಳಿಸಿದರು. ಈಗ ನಮ್ಮ ಬೀದಿಯ ತಲೆಸುತ್ತಿನ ಕೇಸುಗಳೆಲ್ಲ ಮೊದಲು ನನ್ನ ಬಳಿಗೇ ಬರುತ್ತವೆ. ಔಷಧ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತೇನೆ. ಮನೆ ತಿರುಗುತ್ತದೋ, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಕಟ್ಟುತ್ತದೋ? ಕತ್ತಲೆಯಾದರೆ ರಾಯರ ಮೆಶೀನಿನ ಕಡೆ ಕೈ ತೋರಿಸುತ್ತೇನೆ. ಮಗ್ಗುಲು ಬದಲಿಸಿದಾಗ ಒಂದು ನಿಮಿಷದೊಳಗೆ ಮುಗಿಯುವುದಾದರೆ ನನ್ನ ಜಾತಿಯದು. ಕಿವಿ ಗುಂಯ್ ಎಂದು, ಕಟ್ಟಿದಂತಾಗಿ, ಮಂದವಾಗಿ, ಗಂಟೆಗಟ್ಟಲೆ ಸುತ್ತಿದರೆ ಮೆನಿಯೆರ್ ಹೇಳಿದ್ದಿರಬಹುದು. ಬಿಡುವೇ ಇಲ್ಲದೆ ದಿನಗಟ್ಟಲೆ ಸುತ್ತಿದರೆ ಕಿವಿಯ ನರದ ಊತ ಇರಬಹುದು. ಅರೆತಲೆನೋವಿನವರಿಗೂ ಸುತ್ತು ಬರುವುದುಂಟು. ಇವೆಲ್ಲ ಡಾಕ್ಟರು ಬಿಡಿಸಬೇಕಾದ ಲೆಕ್ಕ. ನಾಳೆ ಬೆಳಿಗ್ಗೆ ಹೋದರೂ ನಡೆದೀತು.

ನಾಳೆಗೆ ಇಡಬಾರದ್ದು ಒಂದಿದೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ಹಿಂದೆಂದೂ ಕಾಣದ ತಲೆನೋವು ಬಂದರೆ, ಆಸರೆಯಿಲ್ಲದೆ ನಿಲ್ಲಲೂ ಆಗದಿದ್ದರೆ ಅದು ಕಿವಿಯದಲ್ಲ, ಮಿದುಳಿನದೇ ಇರಬಹುದು. ಆಗ ಕಷಾಯಕ್ಕೆ ನೀರಿಡಬೇಡಿ, 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಸಿಗುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.